ಸೀತೆಗೆ ಆಶ್ರಮವಾದರೂ ಇತ್ತು

ಸೆಪ್ಟೆಂಬರ್ 5 ಬಂತೆಂದರೆ ನಮ್ಮನ್ನೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸುತ್ತಾರೆ. ಮದುವೆಗೆ ಹಾಕುವ ಅದೇ ಕುರ್ಚಿಗಳು, ಅದೇ ಮೈಕು, ಊಟಕ್ಕೆ ಅದೇ ಪಲಾವು. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಭೆಯಲ್ಲಿ ಭಾಷಣಕ್ಕೆ ಬಂದವರೊಬ್ಬರು ಶಿಕ್ಷಕಿಯರು ಕೂತಿದ್ದ ಕಡೆ ತಿರುಗಿ ಕೈಮುಗಿದರು. ‘ಒಂದು ತಟ್ಟೆಯಲ್ಲಿ ಮನೆ, ಇನ್ನೊಂದು ತಟ್ಟೆಯಲ್ಲಿ ಶಾಲೆ. ಎರಡನ್ನೂ ಸಮನಾಗಿ ತೂಗಿಸುವ ಶಕ್ತಿ ಈ ತಾಯಂದಿರಿಗೆ ಮಾತ್ರ ಇದೆ’ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮಡಿಲಲ್ಲಿದ್ದ ಮೊಬೈಲಿನಲ್ಲಿ ನಮ್ಮತ್ತೆಯ ಮೂರು ಮಿಸ್ಡ್ ಕಾಲ್ ಇದ್ದವು. ಮಗನಿಗೆ ಬೆಳಗ್ಗೆಯಿಂದ ಜ್ವರ.

ತಕ್ಕಡಿಯ ವಿಷಯವನ್ನು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟೊಮ್ಯಾಟೊ ಬೆಳೆದು ಮಂಡಿಗೆ ಹಾಕುವ ಜನ ನಾವು, ತೂಕದಲ್ಲಿ ಮೋಸ ಹೋಗಿ ಹೋಗಿ ಕಣ್ಣು ಚುರುಕಾಗಿದೆ. ಯಾವ ತಕ್ಕಡಿಯೂ ಗಾಳಿಯಲ್ಲಿ ತಾನಾಗಿ ನಿಲ್ಲುವುದಿಲ್ಲ. ಮೇಲೆ ಹಿಡಿದ ಕೈಯೊಂದು ಇರುತ್ತದೆ. ಶಿಕ್ಷಕಿಯ ‘ಸಮತೋಲನ’ವನ್ನು ಹೊಗಳುವವರು ತಟ್ಟೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಆ ಕೈ ಯಾರದು ಎಂದು ಮಾತ್ರ ಕೇಳುವುದಿಲ್ಲ. ನನ್ನ ಮನೆಯಲ್ಲಿ ಅದು ಅರವತ್ತೆಂಟು ದಾಟಿದ, ಎರಡೂ ಮಂಡಿ ಸವೆದ ನಮ್ಮತ್ತೆಯ ಕೈ. ನಾನು ಸಮತೋಲನ ಮಾಡಿದ್ದೇನೆ ಎಂದು ನೀವು ಶಾಲು ಹೊದಿಸಿದಾಗ ಆ ಶಾಲು ಹೋಗಬೇಕಾದದ್ದು ಅವರಿಗೆ. ಅವರಿಗೂ ಶಾಲು ಬೇಡ. ಹಗಲು ಎರಡು ಗಂಟೆ ಕಾಲು ಚಾಚಿ ಮಲಗುವುದು ಬೇಕು.

ನನ್ನ ದಿನವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಹೊಸದೇನಿಲ್ಲ. ಮನೆ ಕೋಲಾರದಲ್ಲಿ, ಶಾಲೆ ಮುಳಬಾಗಿಲು ತಾಲ್ಲೂಕಿನ ಆವನಿಯ ಸುತ್ತಿನ ಒಂದು ಹಳ್ಳಿಯಲ್ಲಿ. ಗಂಡ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಗಾರರು. ಒಂದೇ ಹೆದ್ದಾರಿ, ಅವರು ಪಡುವಣಕ್ಕೆ ಹೋದರೆ ನಾನು ಮೂಡಣಕ್ಕೆ. ಬೆಳಗ್ಗೆ ಐದಕ್ಕೆ ಎದ್ದು ಸಾರಿಗೆ ಒಗ್ಗರಣೆ ಹಾಕಿ, ಮುದ್ದೆಗೆ ಹಿಟ್ಟು ಅಳೆದಿಟ್ಟು, ಮಗಳ ಜಡೆ ಹೆಣೆದು ಎಂಟರೊಳಗೆ ಬಸ್ ನಿಲ್ದಾಣದಲ್ಲಿರಬೇಕು. 2023ರ ಜೂನ್‌ನಿಂದ ಟಿಕೆಟ್ ದುಡ್ಡು ಉಳಿದಿದೆ, ಸೀಟು ಮಾತ್ರ ಸಿಗುವುದಿಲ್ಲ. ಹೆದ್ದಾರಿಯಲ್ಲಿ ಇಳಿದು ಶೇರ್ ಆಟೊ. ಸಂಜೆ ಇದೇ ದಾರಿ ತಿರುವುಮುರುವು. ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲಿ ಇಲಾಖೆಗೆ ಮಾಹಿತಿ ತುಂಬುವುದು. ಬಿಸಿಯೂಟ ಎಷ್ಟು ಜನಕ್ಕೆ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಹಾಲು ಎಷ್ಟು. ಸರ್ವರ್ ಹಗಲೆಲ್ಲ ಮುನಿಸಿಕೊಂಡಿರುತ್ತದೆ, ರಾತ್ರಿ ಹನ್ನೊಂದಕ್ಕೆ ಒಲಿಯುತ್ತದೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಒಂದು ಲೆಕ್ಕವಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರನ್ನಷ್ಟೇ ತೆಗೆದುಕೊಂಡರೂ ಹೆಂಗಸು ದಿನಕ್ಕೆ ಸರಾಸರಿ 289 ನಿಮಿಷ ಮಾಡುತ್ತಾಳೆ, ಗಂಡಸು 88 ನಿಮಿಷ. ಮನೆಗೆಲಸವನ್ನೇ ಮುಟ್ಟದ ಗಂಡಸರು ಈ ಸರಾಸರಿಯ ಹೊರಗೇ ಉಳಿದಿದ್ದಾರೆ ಎಂಬುದನ್ನು ಗಮನಿಸಿ. ನನ್ನ ಗಂಡ 88ರೊಳಗೆ ಬರುತ್ತಾರೆ, ಸುಳ್ಳು ಹೇಳಬಾರದು. ಪಾತ್ರೆ ತೊಳೆಯುತ್ತಾರೆ. ಆದರೆ ಅವರು ಪಾತ್ರೆ ತೊಳೆದದ್ದು ಬೀದಿಯಲ್ಲಿ ನಾಲ್ಕು ಜನಕ್ಕೆ ಗೊತ್ತು.

ನಾನು ದಿನಾ ನೋಡುವ ಆವನಿ ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ರಾಮ ಬಿಟ್ಟುಬಿಟ್ಟ ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ, ವಾಲ್ಮೀಕಿಯ ಆಶ್ರಮ ಇದ್ದದ್ದೂ ಇಲ್ಲೇ ಎಂದು ಈ ಸೀಮೆಯ ನಂಬಿಕೆ. ಮಕ್ಕಳಾಗದವರು ಇಂದಿಗೂ ಬೆಟ್ಟ ಹತ್ತಿ ಹರಕೆ ಹೊರುತ್ತಾರೆ. ಏಳನೇ ತರಗತಿಯ ಮಕ್ಕಳನ್ನು ನಾನೂ ಹತ್ತಿಸಿದ್ದೇನೆ, ಇದು ಹೆರಿಗೆ ಆದ ಜಾಗ, ಇದು ಆಶ್ರಮ ಎಂದು ತೋರಿಸಿದ್ದೇನೆ. ಅಂಥ ಒಂದು ದಿನ ಬೆಟ್ಟ ಇಳಿಯುವಾಗ ಹೊಳೆಯಿತು: ಭಾಷಣಗಳಲ್ಲಿ ನಮ್ಮಿಂದ ಕೇಳುತ್ತಿರುವುದು ಒಬ್ಬರನ್ನಲ್ಲ, ಇಬ್ಬರನ್ನು. ಶಾಲೆಯಲ್ಲಿ ವಾಲ್ಮೀಕಿ ಆಗು, ಮನೆಯಲ್ಲಿ ಸೀತೆ ಆಗು. ವಾಲ್ಮೀಕಿ ಪಾಠ ಹೇಳಿದ, ತಲೆಯಲ್ಲಿ ಇಡೀ ಕಾವ್ಯ ಇಟ್ಟುಕೊಂಡು ಇಬ್ಬರು ಹುಡುಗರಿಗೆ ಅದನ್ನು ಬಾಯಿಪಾಠ ಮಾಡಿಸಿದ. ಆ ಹೊತ್ತಿನಲ್ಲಿ ಅವನ ಒಲೆಯ ಮೇಲೆ ಅನ್ನ ಉಕ್ಕುತ್ತಿರಲಿಲ್ಲ. ಸೀತೆ ಮಕ್ಕಳನ್ನು ಬೆಳೆಸಿದಳು. ಅವಳೂ ಒಬ್ಬಳೇ ಬೆಳೆಸಲಿಲ್ಲ. ಉತ್ತರಕಾಂಡವನ್ನು ಓದಿದವರಿಗೆ ಗೊತ್ತು, ವಾಲ್ಮೀಕಿ ಅವಳನ್ನು ಕರೆತಂದು ಮೊದಲು ಒಪ್ಪಿಸಿದ್ದು ಆಶ್ರಮದ ತಾಪಸಿಯರಿಗೆ. ಮಕ್ಕಳು ಹುಟ್ಟಿದ ರಾತ್ರಿ ದರ್ಭೆಯಿಂದ ಅವರ ಮೈ ಸವರಿದವರೂ ಅಲ್ಲಿನ ಹಿರಿಯ ಹೆಂಗಸರೇ. ಊರು ಕೈಬಿಟ್ಟ ಬಾಣಂತಿಗೆ ಕಾಡಿನಲ್ಲಿ ಒಂದು ವ್ಯವಸ್ಥೆ ಇತ್ತು. ಅಲ್ಲಿಂದ ಕಣ್ಣಳತೆಯ ದೂರದ ನನ್ನ ಶಾಲೆಯಲ್ಲಿ ಹಾಲೂಡುವ ಶಿಕ್ಷಕಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇಲ್ಲ.

ಬೆಟ್ಟದ ಕೆಳಗೆ ನೊಳಂಬರ ಕಾಲದ ದೇವಾಲಯಗಳ ಗುಂಪಿದೆ. ಆವನಿಯ ಶಾಸನವೊಂದು ತ್ರಿಭುವನಕರ್ತ ಎಂಬ ಶೈವ ಯತಿಯ ಬಗ್ಗೆ ಹೇಳುತ್ತದೆ. ಕ್ರಿ.ಶ. 961ರಲ್ಲಿ ತೀರಿಕೊಂಡ ಆತ 40 ವರ್ಷ ಈ ಸ್ಥಾನವನ್ನು ಆಳಿದ, 50 ದೇವಾಲಯ ಕಟ್ಟಿಸಿದ, ಎರಡು ದೊಡ್ಡ ಕೆರೆ ಮಾಡಿಸಿದ. ದೊಡ್ಡ ಕೆಲಸ, ಕೆರೆ ಕಟ್ಟಿಸಿದವರ ಬಗ್ಗೆ ಕೋಲಾರದವರು ಹಗುರವಾಗಿ ಮಾತಾಡಬಾರದು. ಆದರೆ ಯತಿಗೆ ಸಂಸಾರವಿಲ್ಲ. ನಮ್ಮ ತಲೆಯಲ್ಲಿ ಕೂತಿರುವ ‘ಗುರು’ವಿನ ಚಿತ್ರ ಇದೇ: ಒಂಟಿ ಮನುಷ್ಯ, ಊರಿನ ಮಕ್ಕಳೇ ತನ್ನ ಮಕ್ಕಳು, ಹಬ್ಬವಿಲ್ಲ ಹುಣ್ಣಿಮೆಯಿಲ್ಲ. ಆ ಚಿತ್ರಕ್ಕೆ ಸೀರೆ ಉಡಿಸಿ, ಕೈಗೊಂದು ಟಿಫಿನ್ ಕ್ಯಾರಿಯರ್ ಕೊಟ್ಟು ‘ಆದರ್ಶ ಶಿಕ್ಷಕಿ’ ಎಂದು ಕರೆದಿದ್ದೇವೆ.

ಸಾಹಿತ್ಯದ ಪುಟಗಳನ್ನು ಓದುವ ನಿಮಗೆ ಇದು ಇಲಾಖೆಯ ದೂರು ಅನ್ನಿಸಬಹುದು. ಹಾಗಾದರೆ ಇಲ್ಲೇ ಒಂದು ಮಾತು. ಹೊಸಗನ್ನಡ ಸಾಹಿತ್ಯದ ದೊಡ್ಡ ಪಾಲನ್ನು ಬರೆದವರು ಮೇಷ್ಟರುಗಳು. ಕುವೆಂಪು, ಬೇಂದ್ರೆ, ಅಡಿಗ, ಜಿ.ಎಸ್. ಶಿವರುದ್ರಪ್ಪ, ಎಲ್ಲರೂ ಪಾಠ ಹೇಳಿದವರು. ತರಗತಿ, ಕಾವ್ಯ, ಸಂಸಾರ ಮೂರನ್ನೂ ಹೇಗೆ ತೂಗಿಸಿದಿರಿ ಎಂದು ಅವರಿಗೆ ಯಾರಾದರೂ ಪ್ರಶ್ನೆ ಹಾಕಿದ್ದರೆ ಅದು ತಮಾಷೆಯಾಗಿ ಕೇಳಿಸುತ್ತಿತ್ತು. ವೀಣಾ ಶಾಂತೇಶ್ವರ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಪ್ರಿನ್ಸಿಪಾಲರಾಗಿ, ದುಡಿಯುವ ಹೆಣ್ಣಿನ ಕತೆಗಳನ್ನು ಬರೆದರು. ಅಂಥ ಬರಹಗಾರ್ತಿಯ ಸಂದರ್ಶನಕ್ಕೆ ಹೋದವರ ಚೀಟಿಯಲ್ಲಿ ಈ ಪ್ರಶ್ನೆ ತಪ್ಪದೆ ಇರುತ್ತದೆ. ನಮ್ಮ ಸಂದರ್ಶಕರು ಒಂದು ವರ್ಷ ಈ ಪ್ರಶ್ನೆಯನ್ನು ಗಂಡಸರಿಗೆ ಮಾತ್ರ ಕೇಳಿ ನೋಡಲಿ. ಉತ್ತರಗಳನ್ನು ಓದಲು ನಾನು ಕಾದಿರುತ್ತೇನೆ.

ಈಗ ರಜೆಯ ಮಾತಿಗೆ ಬರೋಣ. ‘ನಿಮಗೆ ದಸರಾ ರಜೆ, ಬೇಸಿಗೆ ರಜೆ, ಇನ್ನೇನು ಬೇಕು’ ಎಂಬುದು ಮದುವೆಮನೆಗಳಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಕಲಮು ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಅದಕ್ಕೆ ವಿನಾಯಿತಿ ಮೂರೇ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಈ ಮೂರರಲ್ಲಿ ಯಾವುದೂ ಅಲ್ಲ. ಆದರೂ ದಸರಾ ರಜೆಯಲ್ಲಿ ಮನೆಮನೆ ಬಾಗಿಲು ತಟ್ಟಿದವರು ನಾವು. ಸಮೀಕ್ಷೆ ಮುಗಿಯದಿದ್ದಾಗ ಅಕ್ಟೋಬರ್ 18ರವರೆಗೆ ಶಾಲೆಗಳಿಗೆ ರಜೆ ಚಾಚಿದರು. ಮಕ್ಕಳಿಗೆ ರಜೆ, ನಮಗೆ ಓಟಿಪಿ. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಸರ್ಕಾರಕ್ಕೆ ಗೊತ್ತಾಗಲೇಬೇಕು. ಯಾರ ಮನೆಯ ಹಬ್ಬವನ್ನು ಅದಕ್ಕೆ ಖರ್ಚು ಹಾಕಿದಿರಿ ಎಂಬುದೇ ನನ್ನ ಪ್ರಶ್ನೆ.

ಇದು ಒಂದು ಸರ್ಕಾರದ ತಪ್ಪಲ್ಲ, ಇದಕ್ಕೆ ಹಳೆಯ ತರ್ಕವೊಂದಿದೆ. ಶಿಕ್ಷಕರನ್ನು ಚುನಾವಣಾ ಕೆಲಸಕ್ಕೆ ಹಚ್ಚುವ ಬಗ್ಗೆ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು, ಪಾಠದ ದಿನಗಳಲ್ಲಿ, ಪಾಠದ ಹೊತ್ತಿನಲ್ಲಿ ಅವರನ್ನು ಸಾಮಾನ್ಯವಾಗಿ ಕರೆಯಬಾರದು, ರಜೆಯ ದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಬಳಸಿಕೊಳ್ಳಿ ಎಂದಿತು. ಶಿಕ್ಷಕ ಸಂಘಗಳು ಇದನ್ನು ನಮ್ಮ ಪರವಾದ ತೀರ್ಪು ಎಂದೇ ಹೇಳುತ್ತವೆ. ಮಕ್ಕಳ ಪರವಾದ ತೀರ್ಪು, ಒಪ್ಪುತ್ತೇನೆ. ಮಕ್ಕಳ ಪಾಠ ಉಳಿಯಬೇಕು ಎಂದ ನ್ಯಾಯಾಲಯ ಬಡ ಮಕ್ಕಳ ಹಕ್ಕನ್ನು ಕಾಪಾಡಿತು. ಆದರೆ ಭಾನುವಾರ ಯಾರದೂ ಅಲ್ಲದ ಖರಾಬು ಜಮೀನು ಎಂಬಂತೆ ಅದನ್ನು ಅಳೆದು ಕೊಟ್ಟದ್ದೂ ಆ ತೀರ್ಪೇ. ನನ್ನ ಭಾನುವಾರಕ್ಕೆ ಪಹಣಿ ಇದೆ. ಅದು ನನ್ನ ಇಬ್ಬರು ಮಕ್ಕಳ ಹೆಸರಿನಲ್ಲಿದೆ.

ಮಕ್ಕಳ ಪಾಲನೆಗೆಂದು ರಾಜ್ಯ ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಕೊಟ್ಟಿತು. ಇಡೀ ಸೇವೆಗೆ 180 ದಿನ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ 2008ರಿಂದಲೇ 730 ದಿನ ಇದೆ. ಮುಳಬಾಗಿಲಿನ ಮಗುವಿಗೆ ಯಾಕೆ ಕಾಲು ಭಾಗ ಎಂದು ಕೇಳಬಹುದು, ಕೇಳೋಣ. ಆದರೆ ನನ್ನ ಜಗಳ ದಿನಗಳ ಲೆಕ್ಕದ್ದಲ್ಲ. ನನ್ನ ಶಾಲೆಯಲ್ಲಿ ಏಳು ತರಗತಿ, ಮೂವರು ಕಾಯಂ ಶಿಕ್ಷಕರು, ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಗೌರವಧನದ ಒಬ್ಬಳು ಅತಿಥಿ ಶಿಕ್ಷಕಿ. ನಾನು ರಜೆ ಹಾಕಿದರೆ ನನ್ನ ಬದಲಿಗೆ ಯಾರೂ ಬರುವುದಿಲ್ಲ. ಮಗನಿಗೆ ನ್ಯುಮೋನಿಯಾ ಆದಾಗ ಇಪ್ಪತ್ತು ದಿನ ಹಾಕಿದೆ. ವಾಪಸು ಬಂದಾಗ ಆರನೇ ತರಗತಿಯ ನೋಟ್‌ಬುಕ್ಕುಗಳಲ್ಲಿ ನಾನು ಕೊನೆಗೆ ಹಾಕಿದ್ದ ತಾರೀಕೇ ಕೊನೆಯ ತಾರೀಕು. ಅಲ್ಲಿಂದ ಮುಂದೆ ಬಿಳಿ ಹಾಳೆ. ಒಬ್ಬ ಹುಡುಗ ‘ನಿಮ್ಮ ಪಾಪು ಚೆನ್ನಾಗಾಯ್ತಾ ಮಿಸ್’ ಎಂದು ಕೇಳಿದ. ಅವನು ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಮುಖ್ಯೋಪಾಧ್ಯಾಯರು ಏನೂ ಅನ್ನಲಿಲ್ಲ, ಇಪ್ಪತ್ತು ದಿನ ಎರಡು ಕೋಣೆಗಳ ನಡುವೆ ಓಡಾಡಿ ಅವರ ಗಂಟಲು ಹೋಗಿತ್ತು. ಹೀಗೆ ಒಂದು ಹೆಂಗಸಿನ ಮಗುವನ್ನು ಮೂವತ್ತು ಮಕ್ಕಳಿಗೆ ಎದುರಾಳಿಯಾಗಿ ನಿಲ್ಲಿಸಿ, ಆಯ್ಕೆ ನಿನ್ನದು ಎನ್ನುವ ಏರ್ಪಾಡಿಗೆ ಸಮತೋಲನ ಎಂಬ ಸುಂದರ ಹೆಸರು.

ಐರ್ಲೆಂಡಿನಲ್ಲಿ 1934ರಿಂದ 1958ರವರೆಗೆ ಮದುವೆಯಾದ ಪ್ರಾಥಮಿಕ ಶಾಲೆಯ ಶಿಕ್ಷಕಿ ಕೆಲಸ ಬಿಡಬೇಕೆಂಬ ನಿಯಮವಿತ್ತು. ಕ್ರೂರವಾದದ್ದು. ಆದರೆ ಅದು ಎದುರಿಗೇ ನಿಂತು ಹೇಳಿತು, ಇದು ಅಥವಾ ಅದು ಎಂದು. ನಾವು ಹಾಗೆ ಹೇಳುವುದಿಲ್ಲ. ಎರಡನ್ನೂ ಮಾಡು ತಾಯಿ, ನೀನು ಶಕ್ತಿಸ್ವರೂಪಿಣಿ ಎನ್ನುತ್ತೇವೆ. ಐರ್ಲೆಂಡಿನ ಹೆಂಗಸರಿಗೆ ಎದುರಿಸಿ ಜಗಳವಾಡಲು ಒಂದು ನಿಯಮವಾದರೂ ಇತ್ತು. ಹೊಗಳಿಕೆಯ ವಿರುದ್ಧ ನಾನು ಯಾವ ಕಚೇರಿಯಲ್ಲಿ ಅರ್ಜಿ ಹಾಕಲಿ?

ವರ್ಗಾವಣೆಯದ್ದು ಇನ್ನೊಂದು ಕತೆ, ಅದನ್ನು ಬರೆದರೆ ಈ ವಾರದ ಜಾಗ ಸಾಲದು. ಒಂದೇ ಮಾತು ಹೇಳುತ್ತೇನೆ. ಗಂಡನೂ ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯ ನೌಕರನಾದರೆ ‘ಪತಿ-ಪತ್ನಿ ಪ್ರಕರಣ’ ಎಂದು ಆದ್ಯತೆ ಸಿಗುತ್ತದೆ. ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವನು, ಟೊಮ್ಯಾಟೊ ಬೆಳೆಯುವವನು, ಆಟೊ ಓಡಿಸುವವನು ನಿಯಮದ ಕಣ್ಣಿನಲ್ಲಿ ಪತಿಯೇ ಅಲ್ಲ. ಸಂಸಾರ ಎಂಬುದು ಎರಡು ಸರ್ಕಾರಿ ಸಂಬಳಗಳು ಸೇರಿದಾಗ ಹುಟ್ಟುವ ವಸ್ತು ಎಂದು ಬರೆದವರಿಗೆ ಅನ್ನಿಸಿರಬೇಕು.

ಇಷ್ಟೆಲ್ಲ ಹೇಳುವ ನನಗೆ ಊರಿನಲ್ಲಿ ಒಂದು ಉತ್ತರ ಕಾದಿರುತ್ತದೆ. ‘ನಿಮಗೇನ್ ಮೇಡಂ, ತಿಂಗ್ಳಾದ್ರೆ ಸಂಬ್ಳ ಬತ್ತದೆ.’ ಹೇಳುವವಳು ಮಾವಿನ ತೋಪಿನ ಕೂಲಿಗೆ ಹೊರಟವಳು, ಕೈಯಲ್ಲಿ ಬುತ್ತಿ, ಸೊಂಟದಲ್ಲಿ ಮಗು. ಅವಳು ಹೇಳುವುದು ನಿಜ. ಅವಳಿಗೆ 180 ದಿನವೂ ಇಲ್ಲ, ಒಂದು ದಿನವೂ ಇಲ್ಲ. ಹೆರಿಗೆಯಾಗಿ ಮೂರು ತಿಂಗಳಿಗೆ ಕಳೆ ಕೀಳಲು ಹೋದ ತಾಯಂದಿರು ನನ್ನ ತರಗತಿಯ ಮಕ್ಕಳ ಮನೆಗಳಲ್ಲಿ ತುಂಬ ಜನ ಇದ್ದಾರೆ. ಹಾಗಾದರೆ ನಾನು ಸುಮ್ಮನಿರಬೇಕೇ? ಬಹಳ ದಿನ ಸುಮ್ಮನಿದ್ದೆ. ಅವಳ ಮಾತು ನನ್ನ ಬಾಯಿ ಮುಚ್ಚಿಸುತ್ತಿತ್ತು. ಈಗ ಅನ್ನಿಸುತ್ತದೆ, ಅವಳದ್ದೂ ನನ್ನದೂ ಒಂದೇ ದೂರು. ನನ್ನದಕ್ಕೆ ಅರ್ಜಿ ನಮೂನೆ ಇದೆ, ಅವಳದ್ದಕ್ಕೆ ಇಲ್ಲ.

ಯಾಕೆಂದರೆ ಅವಳು ತೋಪಿಗೆ ಹೋದ ದಿನ ನನ್ನ ತರಗತಿಯಲ್ಲಿ ಒಂದು ಜಾಗ ಖಾಲಿ. ಏಳನೇ ತರಗತಿಯ ಅವಳ ಮಗಳು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ಉಳಿದಿರುತ್ತಾಳೆ. ಹಾಜರಿ ಪುಸ್ತಕದಲ್ಲಿ ನಾನು ಕೆಂಪು ಶಾಯಿಯಲ್ಲಿ ಗೈರು ಹಾಕುತ್ತೇನೆ. ನನ್ನ ಗೈರನ್ನು ನಮ್ಮತ್ತೆ ತುಂಬುತ್ತಾರೆ, ಅವಳ ಅಮ್ಮನ ಗೈರನ್ನು ಹನ್ನೆರಡು ವರ್ಷದ ಹುಡುಗಿ ತುಂಬುತ್ತಾಳೆ. ಈ ತಕ್ಕಡಿಯನ್ನು ಹಿಡಿದ ಕೈ ಯಾವಾಗಲೂ ಇನ್ನೊಂದು ಹೆಣ್ಣಿನದು, ನಮಗಿಂತ ಮುದುಕಿ ಅಥವಾ ನಮಗಿಂತ ಚಿಕ್ಕವಳು. ಗಂಡಸರ ಕೈ ಅಲ್ಲಿಗೆ ಬರುವುದು ಅಪರೂಪ, ಸರ್ಕಾರದ್ದಂತೂ ಬಂದೇ ಇಲ್ಲ.

ಬಂದೇ ಇಲ್ಲ ಎಂದರೆ ತಪ್ಪಾದೀತು. ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುತ್ತೇವೆ ಎಂದಿತು. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಎಳೆಯ ಮಕ್ಕಳಿಗೆ. ಇತ್ತೀಚಿನ ಯೋಜನೆಗಳಲ್ಲಿ ನನಗೆ ಮನಸಾರೆ ಇಷ್ಟವಾದದ್ದು ಇದೊಂದು. ಅದನ್ನು ಪಂಚಾಯಿತಿ ಕಚೇರಿಯ ಪಕ್ಕದಿಂದ ಶಾಲೆಯ ಕಾಂಪೌಂಡಿನೊಳಗೆ ತನ್ನಿ. ತೋಪಿಗೆ ಹೋಗುವವಳ ಮಗುವೂ ಶಿಕ್ಷಕಿಯ ಮಗುವೂ ಒಂದೇ ಚಾಪೆಯ ಮೇಲೆ ಮಲಗಲಿ, ನೋಡಿಕೊಳ್ಳುವವಳಿಗೆ ಗೌರವಧನವಲ್ಲ, ಸಂಬಳ ಕೊಡಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ 50 ಜನ ದುಡಿಯುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿದೆ. ನಾಲ್ವರು ಶಿಕ್ಷಕರ ಶಾಲೆ ಆ ಲೆಕ್ಕಕ್ಕೆ ಯಾವ ಜನ್ಮದಲ್ಲೂ ಬರುವುದಿಲ್ಲ, ಆದ್ದರಿಂದ ಶಾಲೆಗೇ ಬೇರೆ ಲೆಕ್ಕ ಬೇಕು. ಪ್ರತಿ ಕ್ಲಸ್ಟರಿಗೆ ಇಬ್ಬರು ಬದಲಿ ಶಿಕ್ಷಕರನ್ನು ಕಾಯಂ ಆಗಿ ಇಡಿ, ನಾನು ರಜೆ ಹಾಕಿದ ದಿನ ನೋಟ್‌ಬುಕ್ಕಿನಲ್ಲಿ ಮುಂದಿನ ತಾರೀಕು ಬೀಳಲಿ. ಶಿಶುಪಾಲನಾ ರಜೆಯನ್ನು ತಂದೆಗೂ ಕೊಡಿ, ತೆಗೆದುಕೊಳ್ಳದಿದ್ದರೆ ಅದು ಅವನಿಗೇ ನಷ್ಟವಾಗುವ ಹಾಗೆ ಕೊಡಿ. ಈ ದೇಶದ ಖಾಸಗಿ ಕಾರ್ಖಾನೆಯಲ್ಲಿ ದುಡಿಯುವ ಅಪ್ಪನಿಗೆ ಮಗು ಹುಟ್ಟಿದರೆ ಒಂದು ದಿನದ ರಜೆ ಕೊಡಬೇಕೆಂದೂ ಯಾವ ಕಾನೂನಿನಲ್ಲೂ ಬರೆದಿಲ್ಲ. ನನ್ನ ಗಂಡ ಮಗ ಹುಟ್ಟಿದ ದಿನ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಆಸ್ಪತ್ರೆಗೆ ಬಂದರು. ಯೂನಿಫಾರಂ ಬಿಚ್ಚಿರಲಿಲ್ಲ, ಮಗುವನ್ನು ಎತ್ತಿಕೊಳ್ಳಲು ಹೆದರಿ ನಿಂತಿದ್ದರು.

ನನ್ನ ತಪ್ಪೂ ಒಂದಿದೆ, ಬಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ನನ್ನ ಮಗಳು ಓದುವುದು ಕೋಲಾರದ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ. ಸರ್ಕಾರಿ ಶಿಕ್ಷಕಿ ನೀನೇ ಹೀಗೆ ಮಾಡಿದರೆ ಎಂದು ಯಾರಾದರೂ ಕೇಳಿದಾಗ, ಬಸ್ಸು ಮನೆಬಾಗಿಲಿಗೆ ಬರುತ್ತದೆ, ಅತ್ತೆಗೆ ಅನುಕೂಲ ಎನ್ನುತ್ತೇನೆ. ಅದು ಅರ್ಧ ನಿಜ. ನನ್ನ ಜೊತೆ ಅವಳನ್ನು ಆವನಿಯ ಬಸ್ಸಿಗೆ ಹತ್ತಿಸಬಹುದಿತ್ತು, ನನ್ನ ತರಗತಿಯಲ್ಲೇ ಕೂರಿಸಬಹುದಿತ್ತು. ಹಾಗೆ ಮಾಡಿದ್ದರೆ ಬಹುಶಃ ಅರ್ಧ ಸಮಸ್ಯೆ ಅಲ್ಲೇ ತೀರುತ್ತಿತ್ತು. ಧೈರ್ಯ ಬರಲಿಲ್ಲ. ನಾನು ಕಲಿಸುವ ಶಾಲೆ ನನ್ನ ಮಗಳಿಗೆ ಸಾಲದು ಎಂದು ಎಲ್ಲೋ ಒಳಗೆ ಅನ್ನಿಸಿದ್ದೇ ಕಾರಣವಿರಬೇಕು. ಅವಳಿಗೆ ಈಗ ಹನ್ನೊಂದು. ಹೋದ ತಿಂಗಳು ಜಡೆ ಹೆಣೆಯುತ್ತಿದ್ದಾಗ, ‘ನಾನು ದೊಡ್ಡವಳಾದ ಮೇಲೆ ಟೀಚರ್ ಮಾತ್ರ ಆಗಲ್ಲಮ್ಮ’ ಎಂದಳು. ಕಾರಣ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಈ ಜೂನ್‌ನಿಂದ ಮಾತ್ರ ನಾನೊಂದು ನಿಯಮ ಮುರಿಯುತ್ತಿದ್ದೇನೆ. ಗೈರಾಗುತ್ತಿದ್ದ ಏಳನೇ ತರಗತಿಯ ಆ ಹುಡುಗಿಗೆ ತಮ್ಮನನ್ನೂ ಕರೆದುಕೊಂಡು ಬಾ ಎಂದಿದ್ದೇನೆ. ಅವನಿಗೆ ಎರಡೂವರೆ ವರ್ಷ, ಅಂಗನವಾಡಿಗೆ ಮೂರು ತುಂಬಬೇಕು. ಗೋಡೆಯ ಪಕ್ಕದ ಚಾಪೆಯ ಮೇಲೆ ಕೂತು ಸೀಮೆಸುಣ್ಣ ತಿನ್ನುತ್ತಾನೆ, ಅಕ್ಕ ಪಾಠದ ನಡುವೆ ತೆಲುಗಿನಲ್ಲಿ ಗದರಿ ಬಾಯಿಂದ ತೆಗೆಸುತ್ತಾಳೆ. ಮುಖ್ಯೋಪಾಧ್ಯಾಯರು ನೋಡಿಯೂ ನೋಡದ ಹಾಗಿದ್ದಾರೆ. ಮೇಲಿನವರು ಯಾರಾದರೂ ಬಂದರೆ ಏನು ಹೇಳಬೇಕೆಂದು ಇಬ್ಬರೂ ಮಾತಾಡಿಕೊಂಡಿಲ್ಲ. ಹುಡುಗಿ ಮೂರು ವಾರದಿಂದ ಒಂದು ದಿನವೂ ತಪ್ಪಿಸಿಲ್ಲ. ತಮ್ಮನ ಹೆಸರು ಯಾವ ಪುಸ್ತಕದಲ್ಲೂ ಇಲ್ಲದ್ದರಿಂದ ಬಿಸಿಯೂಟದ ಲೆಕ್ಕದಲ್ಲಿ ಅವನಿಗೆ ಮೊಟ್ಟೆಯಿಲ್ಲ, ಅಕ್ಕನದ್ದರಲ್ಲೇ ಅರ್ಧ. ಹಳದಿ ಭಾಗ ಅವನಿಗೆ ಕೊಡುತ್ತಾಳೆ.